ತಡವಾಗಿ ಎದ್ದ ಡಿಸ್ಕ್‌ಗಳು

ಹಿರೇಕೆರೂರಿನ ನನ್ನ ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ನಾಲ್ಕು ಡಿಸ್ಕ್‌ಗಳು. ಎರಡು ಅದರ ಒಳಗೆ, ಎರಡು ಹೊಸದಾಗಿ ತಂದ ಪಕ್ಕದ ಡಬ್ಬಿಯಲ್ಲಿ. ನಾಲ್ಕನ್ನೂ ಸಾಫ್ಟ್‌ವೇರ್ ಮೂಲಕ ಒಂದೇ ಡಿಸ್ಕಿನಂತೆ ಜೋಡಿಸಿದ್ದೆ. ಒಂದು ಕೆಟ್ಟರೂ ಏನೂ ಹೋಗುವುದಿಲ್ಲ ಎಂದು ಸವಣೂರಿನ ಸ್ಟುಡಿಯೋದವರ ಮುಂದೆಲ್ಲ ಜಂಬ ಕೊಚ್ಚಿದ್ದೆ.

ಡಬ್ಬಿ ತಂದ ಮೇಲೆ ಅದೇ ಮೊದಲ ಅಮಾವಾಸ್ಯೆ. ಅಮಾವಾಸ್ಯೆಗೆ ನಾನು ಎಲ್ಲ ಯಂತ್ರಗಳನ್ನೂ ಆರಿಸಿ, ಒರೆಸಿ, ವಿಭೂತಿ ಹಚ್ಚುತ್ತೇನೆ. ಅನ್ನ ಕೊಡುವುದು ಕಂಪ್ಯೂಟರು, ಹಾಗಾಗಿ ಮತ್ತೆ ಶುರು ಮಾಡುವಾಗ ಮೊದಲು ಅದರ ಬಟನ್. ಉಳಿದವುಗಳ ಸ್ವಿಚ್ಚು ಕಾಯಿ ಒಡೆದ ಮೇಲೆ. ಅಂದು ಕಾಯಿ ಒಡೆದು, ಡಬ್ಬಿಯ ಸ್ವಿಚ್ಚು ಹಾಕಿ ತಿರುಗಿ ನೋಡಿದರೆ, ನಾಲ್ಕರಲ್ಲಿ ಎರಡೇ ಡಿಸ್ಕ್ ಸಿಕ್ಕಿವೆ, ಜೋಡಿಸಲಾಗದು ಎಂದು ಪರದೆಯ ಮೇಲೆ ಬರೆದಿತ್ತು.

ಚಿಕ್ಕೇರೂರಿನ ಅಜ್ಜಿಯೊಬ್ಬಳು ಆಗಲೇ ಬಂದು ಬೆಂಚಿನ ಮೇಲೆ ಕುಳಿತಿದ್ದಳು. ಹಿರಿಯ ಮೊಮ್ಮಗಳ ಮದುವೆಯಲ್ಲಿ ಆಕೆ ಸೋಬಾನೆ ಪದ ಹಾಡಿದ್ದಳು. ಜಾಣ ನಾನು, ಮನೆಯವರಿಗೆ ಕೊಟ್ಟ ವಿಡಿಯೋದಲ್ಲಿ ಅದನ್ನು ಕತ್ತರಿಸಿ ಸಿನಿಮಾ ಹಾಡು ತುಂಬಿದ್ದೆ. ಪೂರ್ತಿ ಪದ ಉಳಿದಿದ್ದು ಈ ಡಿಸ್ಕ್‌ಗಳಲ್ಲಿ ಮಾತ್ರ. ಈಚೆಗೆ ಜ್ವರ ಬಂದು ಹೋದ ಮೇಲೆ ಆಕೆಗೆ ಕೊನೆಯ ನುಡಿ ಮರೆತಿತ್ತಂತೆ, ಅದನ್ನು ಕೇಳಿಕೊಂಡು ಹೋಗಲು ಬಂದಿದ್ದಳು. ಮರುದಿನವೇ ಕಿರಿಯ ಮೊಮ್ಮಗಳ ಮದುವೆ.

ವೈರು ಕಿತ್ತು ಚುಚ್ಚಿದೆ, ಡಬ್ಬಿಯನ್ನು ಬೈದೆ, ಕರೆಂಟಿನವರನ್ನೂ ಬಿಡಲಿಲ್ಲ. ಏನಾಯಿತೆಂದು ಅಜ್ಜಿ ಕೇಳಿದಳು. ಎರಡು ಬಂದಿವೆ, ಇನ್ನೆರಡು ಬಂದಿಲ್ಲ, ಅದಕ್ಕೆ ಕೆಲಸ ನಿಂತಿದೆ ಎಂದು ಸಿಡುಕಿದೆ.

"ಸೋದರಮಾವ ಬರೋತನಕ ನಾವು ಅಕ್ಕಿಕಾಳು ಹಾಕಂಗಿಲ್ಲ ತಮ್ಮಾ," ಎಂದಳು. "ನಿನ್ನ ಮಷಿನ್ನಿಗೆ ಅಷ್ಟು ಕಾಯಾಕ ಏನಾಗೇತಿ?"

ನಾಚಿಕೆಯೂ ಆಯಿತು, ನಗುವೂ ಬಂತು. ಯಾವ ಡಿಸ್ಕೂ ಕೆಟ್ಟಿರಲಿಲ್ಲ. ನನ್ನ ಪೂಜೆಯ ದೆಸೆಯಿಂದ ಡಬ್ಬಿ ತಡವಾಗಿ ಎದ್ದಿತ್ತು, ಅಷ್ಟರಲ್ಲಿ ಕಂಪ್ಯೂಟರು ಕೈಚೆಲ್ಲಿತ್ತು. ನಾಲ್ಕೂ ಬರುವವರೆಗೆ ಕಾಯಬೇಕೆಂದು ಅದರ ಸೆಟ್ಟಿಂಗಿನಲ್ಲಿ ಬರೆದೆ. ಮತ್ತೆ ಎಲ್ಲ ಆರಿಸಿ, ಬೇಕೆಂದೇ ಕಂಪ್ಯೂಟರನ್ನು ಮೊದಲು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಡಬ್ಬಿಯ ಸ್ವಿಚ್ಚು ಹಾಕಿದೆ. ಈ ಸಲ ಅದು ತೆಪ್ಪಗೆ ಕಾಯಿತು. ನಾಲ್ಕೂ ಕೂಡಿದವು. ಕುಣಿಯುವುದೊಂದು ಬಾಕಿ, ಅಷ್ಟು ಖುಷಿ ನನಗೆ.

ಪದ ಹಚ್ಚಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದಳು. ಮೊದಲು ತುಟಿ ಅಲ್ಲಾಡಿದವು, ಆಮೇಲೆ ದನಿಯೂ ಸೇರಿತು. ಕೊನೆಯ ನುಡಿಯನ್ನು ಆಕೆ ಸ್ಪೀಕರಿಗಿಂತ ಮೊದಲೇ ಹಾಡಿಬಿಟ್ಟಳು.