ಲವಂಗ ಇಟ್ಟು ಮಡಚಿದ ಚೀಟಿ

ಮೊನ್ನೆ ಕಾಪುವಿನ ಲ್ಯಾಬೊಂದರಿಂದ ಹಳೆಯ ಮೈಕ್ರೋಸ್ಕೋಪ್ ರಿಪೇರಿಗೆ ಬಂತು. ಅಡಿಯ ತಗಡು ಬಿಚ್ಚಿದ್ದೇ ತಡ, ಸಣ್ಣಗೆ ಲವಂಗದ ವಾಸನೆ. ಒಳಗೆ ನಾಲ್ಕು ಮಡಿಕೆಯ ಚೀಟಿಯೊಂದಿತ್ತು. ತಕ್ಷಣ ಬಿಡಿಸಲು ಮನಸ್ಸಾಗಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು ಸುಮ್ಮನೆ ಕುಳಿತೆ…

ಉಡುಪಿಯ ಕಡಿಯಾಳಿಯಲ್ಲಿರುವ ಈ ಅಂಗಡಿ ಆಗ ಧಣಿಗಳದ್ದು. ಕಾಲೇಜುಗಳ, ಸಣ್ಣಪುಟ್ಟ ಲ್ಯಾಬುಗಳ ಮೈಕ್ರೋಸ್ಕೋಪು, ತಕ್ಕಡಿಗಳನ್ನು ರಿಪೇರಿ ಮಾಡುತ್ತಿದ್ದರು. ನಾನು ಅವರಲ್ಲಿ ಕೆಲಸಕ್ಕಿದ್ದೆ. ನಮ್ಮ ಕಡೆಯ ತೇವದ ಹವೆಗೆ ಲೆನ್ಸಿಗೆ ಬೂಸ್ಟು ಹಿಡಿಯುವುದು ಉಪ್ಪಿನಕಾಯಿಗೆ ಹಿಡಿದಷ್ಟೇ ಸಲೀಸು. ಬಂದವರಿಗೆಲ್ಲ ಧಣಿಗಳ ಉಪದೇಶ ಒಂದೇ: "ಕಪಾಟಿನ ಒಳಗೆ ಒಂದು ಬಲ್ಬ್ ಉರಿಸಿಡಿ ಮಾರಾಯ್ರೆ."

ಕೆಲಸ ಮುಗಿದ ಮೇಲೆ ಏನು ಕೆಟ್ಟಿತ್ತು, ಏನು ಮಾಡಿದ್ದು ಎಂದು ಚೀಟಿ ಬರೆದು, ಹುಳ ತಿನ್ನದಿರಲೆಂದು ಒಂದು ಲವಂಗ ಇಟ್ಟು ಮಡಚಿ, ಅಡಿಯ ತಗಡು ಮುಚ್ಚುತ್ತಿದ್ದರು. ಮುಂದೆ ಬಿಚ್ಚುವವರಿಗೆ ಬರೆದ ಕಾಗದ ಅದು ಎನ್ನುತ್ತಿದ್ದರು. ಆ ಕೆಲಸಕ್ಕೆ ಮಾತ್ರ ಬೇರೆ ಕೈ ತಾಗುವಂತಿರಲಿಲ್ಲ.

ಅವರು ಅಂಗಡಿ ನಡೆಸಿದ ಕೊನೆಯ ಎರಡು ವರ್ಷ ಅವರ ಕೈ ನಡುಗುತ್ತಿತ್ತು. ಲೆನ್ಸ್ ಬಿಚ್ಚುವುದು, ಒರೆಸುವುದು, ಮತ್ತೆ ಕೂರಿಸುವುದು ಎಲ್ಲ ನನ್ನ ಪಾಲಿಗೆ ಬಂತು, ಚೀಟಿ ಮಾತ್ರ ಆಗಲೂ ಅವರೇ ಬರೆಯುತ್ತಿದ್ದರು. ಗಿರಾಕಿಗಳಿಗೆ ಇದು ಗೊತ್ತಿರಲಿಲ್ಲ. ಧಣಿಗಳ ಕೈಗುಣ ಎಂದು ಹೊಗಳಿ ಹೋಗುತ್ತಿದ್ದರು, ಅವರು ಮೀಸೆಯಲ್ಲೇ ನಗುತ್ತಿದ್ದರು. ಸುಳ್ಳೇಕೆ ಹೇಳಲಿ, ಕೆಲಸ ನನ್ನದು, ಹೆಸರು ಅವರದು ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಆಮೇಲೆ ಅಂಗಡಿಯನ್ನು ನಾನೂ ನನ್ನ ಗಂಡನೂ ವಹಿಸಿಕೊಳ್ಳುವುದೆಂದಾಯಿತು. ಗಂಡ ಗಲ್ಫಿನ ಕೆಲಸ ಬಿಟ್ಟು ಬಂದಾಗಿತ್ತು. ಗಿರಾಕಿಗಳು ಕೈಬಿಟ್ಟರೆ ನಮಗೆ ಬೇರೆ ದಾರಿಯಿರಲಿಲ್ಲ. ಕಾಗದಪತ್ರ ಮುಗಿದರೂ ಧಣಿಗಳು ಕೀಲಿಕೈ ಕೊಡಲಿಲ್ಲ. "ಜನ ನಿನ್ನನ್ನು ಒಪ್ಪಬೇಕಲ್ವಾ? ಬರೀ ನಾಲ್ಕು ಗೋಡೆ ತಗೊಂಡು ಎಂತ ಮಾಡುವುದು?" ಎಂದವರು ಮಣಿಪಾಲ, ಕಾರ್ಕಳ ಎಂದು ಗಿರಾಕಿಗಳ ಬಳಿಗೆಲ್ಲ ನನ್ನನ್ನು ಬಸ್ಸಿನಲ್ಲಿ ಸುತ್ತಿಸಿದರು.

ಕಾರ್ಕಳದ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ಮೇಡಂ ಮೈಕ್ರೋಸ್ಕೋಪನ್ನು ನನ್ನ ಕೈಗೆ ಕೊಡಲಿಲ್ಲ. "ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಉಂಟು. ನೀವೇ ಬಿಚ್ಚುವುದಾದರೆ ಬಿಚ್ಚಿ," ಎಂದರು ಧಣಿಗಳಿಗೆ. ಇವರೇ ಹೀಗೆಂದರೆ ಉಳಿದವರು…

ಹೊರಗೆ ಹೋದಾಗಲೆಲ್ಲ ಕಿಸೆಯಲ್ಲಿ ಅಡಗಿಸಿಡುತ್ತಿದ್ದ ಬಲಗೈಯನ್ನು ಧಣಿಗಳು ತೆಗೆದು ಮೇಜಿನ ಮೇಲಿಟ್ಟರು. ಅದು ನಡುಗಿದಂತೆ ಪಕ್ಕದ ಗಾಜಿನ ಸ್ಲೈಡುಗಳು ಸಣ್ಣಗೆ ಸದ್ದು ಮಾಡಿದವು.

"ನೋಡಿ ಮೇಡಂ, ಎರಡು ವರ್ಷದಿಂದ ಈ ಕೈಯಲ್ಲಿ ಎಂತದೂ ಆಗುವುದಿಲ್ಲ. ನೀವು ಹೊಗಳಿದ್ದೆಲ್ಲ ಇವಳ ಕೆಲಸ."

ಮೇಡಂ ಆ ಕೈಯನ್ನೇ ನೋಡುತ್ತಾ ಮೈಕ್ರೋಸ್ಕೋಪನ್ನು ನನ್ನ ಕಡೆ ಸರಿಸಿದರು. ಮರಳುವಾಗ ಬಸ್ಸಿನಲ್ಲಿ, ಉಡುಪಿಯಲ್ಲಿ ಇಳಿಯುವ ಮೊದಲು ಅವರು ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಮನಸ್ಸು ತುಂಬಿ ಬಂತು. ಆದರೂ ಬೇರೆ ಉಪಾಯವಿಲ್ಲದೆ ನನ್ನ ಕೆಲಸವೆಂದು ಹೇಳಿದರೇನೋ ಎಂಬ ಸಣ್ಣ ಅನುಮಾನ ಎಲ್ಲೋ ಉಳಿದುಬಿಟ್ಟಿತು.

ಧಣಿಗಳು ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಅವರ ಗಿರಾಕಿಗಳು ಯಾರೂ ನಮ್ಮನ್ನು ಬಿಟ್ಟುಹೋಗಿಲ್ಲ. ಧಣಿಗಳ ಕೈ ನಡುಗುತ್ತಿದ್ದ ಆ ಎರಡು ವರ್ಷಗಳಲ್ಲಿ ನಾನು ಸರಿಮಾಡಿದ್ದರಲ್ಲಿ ಮತ್ತೆ ಅಡಿ ಬಿಚ್ಚಬೇಕಾಗಿ ಬಂದದ್ದು ಕಾಪುವಿನ ಈ ಮೈಕ್ರೋಸ್ಕೋಪೇ ಮೊದಲು, ಬೇಕಾದರೆ ಜಂಬಪಡಬಹುದು.

ಚೀಟಿಯನ್ನು ಕೊನೆಗೂ ಬಿಡಿಸಿದೆ. ಸೊಟ್ಟ ಸೊಟ್ಟ ಅಕ್ಷರ. ಲೆನ್ಸಿನ ಬೂಸ್ಟು ತೆಗೆದದ್ದು, ಸವೆದ ಸ್ಕ್ರೂ ಬದಲಿಸಿದ್ದು… ಕೆಳಗೆ 'ರಿಪೇರಿ ಮಾಡಿದವರು' ಎಂದು ಬರೆದು, ಎದುರಿಗೆ ನನ್ನ ಹೆಸರು, ಇನಿಷಿಯಲ್ ಸಮೇತ.

ನಾನು ಇಲ್ಲಿ ಕುಳಿತು ಉರಿಯುತ್ತಿದ್ದಾಗ ಅವರು ಅಲ್ಲಿ ಕುಳಿತು ನಡುಗುವ ಕೈಯಲ್ಲಿ ನನ್ನ ಹೆಸರು ಬರೆಯುತ್ತಿದ್ದರು. ಉಪಕಾರವಾಯಿತು ಎನ್ನೋಣವೆಂದರೆ ಅವರಿಲ್ಲ. ಕೆಲಸ ಮುಗಿಸಿ, ಹೊಸ ಚೀಟಿ ಬರೆದು, ಹಳೆಯದರ ಜೊತೆಗೇ ಮಡಚಿ ಒಳಗಿಟ್ಟೆ. ಲವಂಗ ಮಾತ್ರ ಅವರದೇ ಇರಲಿ ಎಂದು ಬದಲಿಸಲಿಲ್ಲ.