ಓಡಿ ನಿಂತ ಮೇಲಿನ ಮೂರು ನಿಮಿಷ

ಎದೆಗೆ ಕಟ್ಟಿಕೊಳ್ಳುವ ಪಟ್ಟಿಯನ್ನು ಮೊದಲು ನೀರಲ್ಲಿ ಒದ್ದೆ ಮಾಡಬೇಕಂತೆ. ಒಣಗಿದ್ದರೆ ಅದಕ್ಕೆ ಎದೆಬಡಿತ ತಿಳಿಯುವುದಿಲ್ಲವಂತೆ. ಮನೆಗೆ ತಂದವಳೇ ಬಚ್ಚಲ ನಲ್ಲಿಯ ಕೆಳಗೆ ಹಿಡಿದೆ. ಹೊಸ ರಬ್ಬರಿನ ಹಸಿ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಲ್ಲಿ ಹಾಗೇ ಸುರಿಯುತ್ತಿತ್ತು, ನಾನು ನಿಂತೇ ಇದ್ದೆ. ನಮ್ಮೂರ ಸರಕಾರಿ ದವಾಖಾನೆಯ ವಾಸನೆ ಅದು... ಸೂಜಿ ಚುಚ್ಚುವ ಮೊದಲು ರಟ್ಟೆಗೆ ಬಿಗಿಯುತ್ತಿದ್ದ ಕೆಂಪು ರಬ್ಬರ್ ನಳಿಗೆಯ ವಾಸನೆ, ಅದನ್ನು ಬಿಗಿಯುತ್ತಿದ್ದ ಕಂಪೌಂಡರ್ ಕಾಕಾನ ಕೈಯ ವಾಸನೆ.

ಐವತ್ತು ದಾಟಿದ ಮೇಲೆ ಓಡಲು ಶುರು ಮಾಡಿದವಳು ನಾನು. ನಗುವವರು ನಗಲಿ, ನಕ್ಕರೆ ಅವರಿಗೇ ಆರೋಗ್ಯ. ಎದೆಬಡಿತ ನೋಡಿಕೊಂಡು ಓಡಿ ಅಂತ ಡಾಕ್ಟರು ಹೇಳಿದ್ದರಿಂದ ಹುಬ್ಬಳ್ಳಿಯ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಮೇಜಿನ ತುಂಬ ಸಾಮಾನು ಹರಡಿದ. ಕೈಗಡಿಯಾರದಂಥದ್ದು ಎರಡು, ಎದೆ ಪಟ್ಟಿ ಮೂರು. ಒಂದರ ಪಟ್ಟಿ ಮೆತ್ತಗಿತ್ತು, ಬಿಚ್ಚಿ ಒಗೆಯಬಹುದಿತ್ತು. ಇನ್ನೊಂದು ಗಟ್ಟಿ, ಬೆವರಿಗೆ ಚರ್ಮ ಕೆರೆಯುವಂಥದ್ದು. ಮೂರನೆಯದರ ಸೆಲ್ ಎಲ್ಲೂ ಸಿಗುವುದಿಲ್ಲ ಅಂತ ಅವನೇ ಒಪ್ಪಿಕೊಂಡ.

"ಕೈಗೆ ಕಟ್ಟೂದು ಹಗುರ ಐತ್ರಿ ಮೇಡಂ. ಆದ್ರ ಐದ-ಆರು ಹೆಚ್ಚು ಕಡಿಮಿ ತೋರಸ್ತೈತಿ. ಎದಿ ಪಟ್ಟಿ ಅಗದಿ ಕರೆಕ್ಟ್" ಅಂದ.

"ಎದೀದ ಕೊಡಪಾ. ಐದ-ಆರು ಹೆಚ್ಚು ಕಡಿಮಿ ಆದ್ರ ಏನಾಗ್ತೈತಿ ಅಂತ ನನಗ ಗೊತ್ತೈತಿ" ಅಂದೆ. ಮೆತ್ತನೆಯ ಪಟ್ಟಿಯನ್ನೇ ತೆಗೆದುಕೊಂಡು ಬಂದೆ.

ಎಂಬತ್ತರ ದಶಕದ ನಡುವಿನ ಮಾತು. ಅಣ್ಣಿಗೇರಿ ಕಡೆಯ ಎರೆಭೂಮಿಯ ಊರು ನಮ್ಮದು. ಮಳೆ ಬಿದ್ದರೆ ಹೊಲದ ದಾರಿಯಲ್ಲಿ ಕಾಲಿಗೆ ಕಾಲಿನಷ್ಟೇ ತೂಕದ ಮಣ್ಣು ಮೆತ್ತುತ್ತಿತ್ತು. ಓಡಲು ಬರುತ್ತಿದ್ದದ್ದು ಒಂದೇ ದಾರಿ, ದವಾಖಾನೆಯ ಮುಂದಿನಿಂದ ರೈಲ್ವೆ ಗೇಟಿನವರೆಗಿನ ಕಲ್ಲುಖಡಿ ಹಾಕಿದ ರಸ್ತೆ. ನಾನು ಹತ್ತನೆಯ ಇಯತ್ತೆ. ಓಟದಲ್ಲಿ ನನ್ನನ್ನು ಹಿಂದೆ ಹಾಕುವ ಹುಡುಗಿ ಸುತ್ತಲಿನ ಮೂರು ಹೈಸ್ಕೂಲಿನಲ್ಲಿ ಇರಲಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಇರಲಿಲ್ಲ ಅಷ್ಟೇ. ಆ ವರ್ಷ ಜಿಲ್ಲಾ ಮಟ್ಟದ ಓಟಕ್ಕೆ ನನ್ನ ಹೆಸರು ಹೋಗಬೇಕಿತ್ತು. ಧಾರವಾಡದ ದೊಡ್ಡ ಮೈದಾನದಲ್ಲಿ, ಸುಣ್ಣದ ಗೆರೆಯ ನಡುವೆ ಓಡುವುದು... ಅದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಸಾಲೆಯಲ್ಲಿ ಆಯ್ಕೆಯ ಓಟ ಇಟ್ಟರು. ನಾನು ಉಪವಾಸ. ಗೆದ್ದೆ, ಗೆದ್ದವಳು ಅಲ್ಲೇ ಕಣ್ಣು ಕತ್ತಲೆ ಬಂದು ಬಿದ್ದೆ. ಡಾಕ್ಟರು ವಾರಕ್ಕೆರಡು ದಿನ ಬರುವವರು. ಎದೆಗೆ ನಳಿಗೆ ಇಟ್ಟು ನೋಡಿ, "ಏನಿಲ್ಲ, ಉಪವಾಸದ ಚಕ್ಕರ್" ಅಂದರು. ಅಪ್ಪ ನಂಬಲಿಲ್ಲ. ಅವನ ತಂಗಿ, ನನ್ನ ಅತ್ತೆ, ಇಪ್ಪತ್ತು ತುಂಬುವುದರೊಳಗೆ ಎದೆಬೇನೆಯಿಂದ ತೀರಿಕೊಂಡಿದ್ದಳು. ಅವಳನ್ನೂ ಮೊದಲಿಗೆ ಯಾರೋ ಡಾಕ್ಟರು "ಏನಿಲ್ಲ" ಎಂದೇ ಹೇಳಿ ಕಳಿಸಿದ್ದರಂತೆ. "ಓಟ ಗೀಟ ಸಾಕು. ನಮ್ಮ ಮನಿತಾನದ ಎದಿ ಗಟ್ಟಿ ಇಲ್ಲ" ಎಂದುಬಿಟ್ಟ ಅಪ್ಪ.

ಆಗ ನಡುವೆ ಬಂದವರು ಕಂಪೌಂಡರ್ ಕಾಕಾ. ಎತ್ತರದ, ತೆಳ್ಳನೆಯ ಮುಸ್ಲಿಂ ಮನುಷ್ಯ. ಮನೆಯಲ್ಲಿ ಉರ್ದು, ಬೀದಿಯಲ್ಲಿ ನಮಗಿಂತ ಖಡಕ್ ಕನ್ನಡ. ಔಷಧದ ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ, ಹೊತ್ತಿಗೆಷ್ಟು ಕುಡಿಯಬೇಕೆಂದು ಕತ್ತರಿಯಿಂದ ಅಂಚಿಗೆ ಕಚ್ಚು ಹಾಕಿ ಕೊಡುತ್ತಿದ್ದರು. ಒಂದು ಕಚ್ಚು ಮೇಲೆ ಕೆಳಗೆ ಆಗುತ್ತಿರಲಿಲ್ಲ. ಅಪ್ಪ ಡಾಕ್ಟರನ್ನು ನಂಬದಿದ್ದರೂ ಆ ಕಚ್ಚನ್ನು ನಂಬುತ್ತಿದ್ದ.

"ಅಣ್ಣಾ, ಹೆದರಿ ತೀರ್ಮಾನ ಮಾಡಬ್ಯಾಡ್ರಿ. ಹದಿನೈದ ದಿನಾ ನನಗ ಕೊಡ್ರಿ. ದಿನಾ ಓಡ್ಲಿ. ಓಡಿ ನಿಂತು ಮೂರ ನಿಮಿಷಕ್ಕ ನಾಡಿ ನೂರರ ಕೆಳಗ ಇಳದ್ರ ಎದಿ ಚಲೋ ಐತಿ ಅಂತ ನಾ ಬರದ ಕೊಡ್ತೇನಿ. ಇಳೀಲಿಲ್ಲಂದ್ರ ನಾನ ಬ್ಯಾಡ ಅಂತೇನಿ" ಎಂದರು.

ಅಪ್ಪ ಒಪ್ಪಿದ. ಆದರೆ ಬೆಳೆದ ಹುಡುಗಿಯ ಕೈಯನ್ನು ದಿನಾ ಬೆಳಿಗ್ಗೆ ರಸ್ತೆಯ ಮೇಲೆ ಹಿಡಿಯುವವರು ಯಾರು? ದವಾಖಾನೆಯೊಳಗೆ ರೋಗಿಯ ಕೈ ಹಿಡಿಯುವುದು ಬೇರೆ, ನೀರು ಹೊತ್ತು ಹೋಗುವ ಹೆಂಗಸರ ಎದುರು ಹಿಡಿಯುವುದು ಬೇರೆ. ಕಾಕಾ ಅದನ್ನು ಯಾರೂ ಹೇಳುವ ಮೊದಲೇ ತಿಳಿದುಕೊಂಡರು. "ಆಯಿ ಬರ್ಲಿ. ಕೈ ಅವರು ಹಿಡೀಲಿ, ನಾ ಗಡಿಯಾರ ನೋಡ್ತೇನಿ" ಅಂದರು. ಆಯಿ ಅಂದರೆ ಅಪ್ಪನ ತಾಯಿ, ತೀರಿಕೊಂಡ ಆ ಅತ್ತೆಯ ತಾಯಿ. ಅಕ್ಷರ ಬಾರದು, ಆದರೆ ಮನೆಯ ಕಾಳುಕಡಿ ಎಲ್ಲ ಅಳೆಯುವವಳು ಅವಳೇ. ಬಳೆ ಮೇಲೆ ಸರಿಸಿ ನಾಡಿ ಎಲ್ಲಿ ಸಿಗುತ್ತದೆಂದು ಕಾಕಾ ತಮ್ಮ ಕೈಯಲ್ಲೇ ತೋರಿಸಿಕೊಟ್ಟರು.

ಹೀಗೆ ಶುರುವಾಯಿತು. ನಾನು ಗೇಟಿಗೆ ಓಡಿ ತಿರುಗಿ ಬರುವುದರಲ್ಲಿ ಆಯಿ ದವಾಖಾನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಕಾಕಾ ಹತ್ತು ಮಾರು ದೂರ, ನಮಗೆ ಬೆನ್ನು ಮಾಡಿ, ವಾಚು ಮುಖದ ಹತ್ತಿರ ಹಿಡಿದು ನಿಲ್ಲುತ್ತಿದ್ದರು. ಮೂರು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಅವರು "ಹೂಂ" ಅನ್ನುತ್ತಿದ್ದರು, ಅರ್ಧ ನಿಮಿಷಕ್ಕೆ "ಸಾಕ್ರಿ" ಅನ್ನುತ್ತಿದ್ದರು. ಆಯಿ ತುಟಿಯೊಳಗೇ ಎಣಿಸುತ್ತಿದ್ದಳು. ಮೊದಲ ದಿನ ಮಾತ್ರ, ಕಾಳು ಅಳೆಯುವಾಗಿನ ರೂಢಿಯಂತೆ, ಒಂದರ ಬದಲು "ಲಾಭ" ಎಂದು ಗಟ್ಟಿಯಾಗಿ ಶುರು ಮಾಡಿದ್ದು ಕೇಳಿ ಕಾಕಾ ಬೆನ್ನು ತಿರುಗಿಸಿಕೊಂಡೇ ನಕ್ಕರು. "ಆಯಿ, ಇದು ಜ್ವಾಳ ಅಲ್ರಿ, ಒಂದು ಅನ್ರಿ."

"ಯಾವದಾದ್ರೂ ಅಳತೀನ. ನೀ ನಿನ್ನ ಗಡಿಯಾರ ನೋಡು" ಅಂದಳು ಆಯಿ. ಎಣಿಸಿ ಮುಗಿದ ಮೇಲೆ, "ಎರಡ ಇಪ್ಪತ್ತು, ಮ್ಯಾಲ ಹದಿಮೂರು" ಎಂದು ಕೂಗಿದಳು. ಐವತ್ತಮೂರು. ಕಾಕಾ ಅದನ್ನು ಇಮ್ಮಡಿ ಮಾಡಿ ಹಳೆಯ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ನೂರಾ ಆರು ಅಂತ ಬರೆದರು.

ಮರುದಿನ ನೂರಾ ಎಂಟು. ಆಮೇಲೆ ನೂರಾ ಆರು, ಮತ್ತೆ ಆರು. ಕಾಕಾ ಅವ್ವನಿಗೆ ಹೇಳಿ ನನಗೆ ಬೆಳಿಗ್ಗೆ ನೆನೆಸಿದ ಕಡಲೆ ಕೊಡಿಸಿದರು. ಓಡುವಾಗ ಬಾಯಿಂದ ಉಸಿರಾಡಬೇಡ, ಕಟ್ಟಕಡೆಗೆ ಒಮ್ಮೆಲೇ ನಿಲ್ಲಬೇಡ, ನಡೆದು ಬಾ ಎಂದು ಕಲಿಸಿದರು. ನನ್ನ ಕಾಲು ದಿನದಿನಕ್ಕೆ ಹಗುರಾಗುತ್ತಿತ್ತು, ಅದು ನನಗೆ ಗೊತ್ತಿತ್ತು. ಅಂಕಿ ಮಾತ್ರ ಜಗ್ಗಲಿಲ್ಲ. ಕಡೆಯ ದಿನ ಆಯಿ ಹೇಳಿದ ಲೆಕ್ಕ ನೂರಾ ನಾಲ್ಕಕ್ಕೆ ಬಂದು ನಿಂತಿತು. ಅದೇ ದಿನ ಸಾಲೆಯಿಂದ ಹೆಸರಿನ ಪಟ್ಟಿ ಹೋಗಬೇಕಿತ್ತು.

"ನಾಕ ಹೆಚ್ಚಿಗಿ ಅಷ್ಟ ಅಲ್ರಿ ಕಾಕಾ?" ಎಂದು ಅಂಗಲಾಚಿದೆ. ಅವರು ರಿಜಿಸ್ಟರು ಮುಚ್ಚಿದರು.

"ನಿಮ್ಮ ಅತ್ತೀದು ಕಡೀ ದಿನಾ ನಾಡಿ ಎಣಿಸಿದಾಂವ ನಾನವಾ. ಇನ್ನೊಮ್ಮಿ ನನ್ನ ಕಡಿಂದ ಆಗೂದಿಲ್ಲ. ಬ್ಯಾಡ."

ನನ್ನ ಮೈಯೆಲ್ಲ ಉರಿಯಿತು. ಏನು ಮಾತಾಡುತ್ತಿದ್ದೇನೆ ಎಂಬ ಎಚ್ಚರ ಇರಲಿಲ್ಲ. "ನೀವೇನ್ ಡಾಕ್ಟರಲ್ಲ! ಬಾಟ್ಲಿಗೆ ಚೀಟಿ ಹಚ್ಚೂ ಕಂಪೌಂಡರ್ ನೀವು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಆಯಿ ನನ್ನ ಬೆನ್ನಿಗೊಂದು ಗುದ್ದಿದಳು. ಕಾಕಾ ಸಿಟ್ಟಾಗಲಿಲ್ಲ. "ಹೌದವಾ, ಅಲ್ಲ" ಅಂದರು, ಒಳಗೆ ಹೋದರು. ಪಟ್ಟಿ ನನ್ನ ಹೆಸರಿಲ್ಲದೆ ಹೋಯಿತು. ನನ್ನ ಬದಲಿಗೆ ಹೋದ ಹುಡುಗಿ ನಾಲ್ಕನೆಯವಳಾಗಿ ಬಂದಳು. ಆ ಚಳಿಗಾಲವೆಲ್ಲ ನಾನು ದವಾಖಾನೆಯ ಮುಂದೆ ಹಾಯದೆ ಸುತ್ತುಹಾಕಿ ಸಾಲೆಗೆ ಹೋದೆ. ಎಷ್ಟು ಹಟ ಅಂತೀರಿ!

ಬಿಳಿಜೋಳದ ರಾಶಿ ಆಯಿತು. ಕಣದಲ್ಲಿ ದುಡಿದವರಿಗೆ ಆಯಿ ಕಾಳು ಅಳೆಯುತ್ತಿದ್ದಳು, ನಾನು ಚೀಲದ ಬಾಯಿ ಹಿಡಿದಿದ್ದೆ. ಲಾಭ, ಎರಡು, ಮೂರು... ಅಳತೆ ಮುಗಿದ ಮೇಲೆ ಎರಡು ಬೊಗಸೆ ಕೊಸರು ಹಾಕಿದಳು. ಕೊಸರು ಹಾಕದೆ ಅವಳು ಯಾರಿಗೂ ಏನೂ ಅಳೆದುಕೊಟ್ಟವಳಲ್ಲ, ಬೋಳು ಅಳತೆ ಅಶುಭ ಅವಳಿಗೆ. ಹುಟ್ಟಿದಾಗಿನಿಂದ ನೋಡಿದ್ದೇ. ಅವತ್ತು ಮಾತ್ರ ಚೀಲ ನನ್ನ ಕೈಯಿಂದ ಜಾರಿತು.

"ಆಯಿ, ನನ್ನ ನಾಡಿ ಎಣಸುವಾಗನೂ..."

"ಹೂಂ ಮತ್ತ" ಅಂದಳು ಆಯಿ, ಇದೇನು ಕೇಳುವ ಮಾತೇ ಎಂಬಂತೆ. "ದಿನಾ ಐದ ಕೊಸರ ಹಾಕಿ ಹೇಳ್ತಿದ್ದೆ. ನನ್ನ ಮಗಳಿಗೆ ಆ ದೇವರು ಬೋಳ ಅಳದ. ನಿನಗರ ನಾ ಬೋಳ ಅಳದ ಕೊಡ್ಲೇನು?"

ಅವಳನ್ನು ಬೈಯಬೇಕೆಂದು ತಿರುಗಿದೆ. ಅವಳ ಸೆರಗಿನ ತುಂಬ ಜೋಳದ ಹೊಟ್ಟು... ಮುಖದ ತುಂಬ ನಂಬಿಕೆ. ನಾನು ಅಳುತ್ತಲೇ ಊರ ದವಾಖಾನೆಗೆ ಓಡಿದೆ.

ಕಾಕಾ ನಾನು ಹೇಳಿದ್ದನ್ನು ಎರಡು ಸಲ ಕೇಳಿದರು. ರಿಜಿಸ್ಟರು ತೆಗೆದು, ಒಂದೊಂದು ಸಾಲಿನಿಂದಲೂ ಐದರ ಇಮ್ಮಡಿ ಹತ್ತು ಕಳೆದು, ಬಾಜುವಿಗೆ ಬರೆಯುತ್ತ ಹೋದರು. ತೊಂಬತ್ತಾರು. ತೊಂಬತ್ತೆಂಟು. ತೊಂಬತ್ತಾರು. ಹದಿನೈದು ಸಾಲಿನಲ್ಲಿ ಒಂದೂ ನೂರು ಮುಟ್ಟಲಿಲ್ಲ. ಬರೆದು ಮುಗಿಸಿ ಪೆನ್ನಿನ ಟೊಪ್ಪಿಗೆ ಹಾಕಿದರು.

"ತಪ್ಪ ನಂದು ಬೇಟಿ. ಜನಾ ಏನಂತಾರ ಅಂತ ಹೆದರಿ ನಾ ನಿನ್ನ ಕೈ ಹಿಡೀಲಿಲ್ಲ. ನಡಿ, ಈಗ ಓಡು."

"ಓಟ ಮುಗದ ಮೂರ ತಿಂಗಳಾತಲ್ರಿ ಕಾಕಾ."

"ಓಡಂದ್ನೆಲ್ಲ!"

ಪರಕಾರದ ನಿರಿಗೆ ಎತ್ತಿ ಕಟ್ಟಿ ಓಡಿದೆ. ಹೋಗುವಾಗ ಬರುವಾಗ ಅಳುತ್ತಲೇ ಇದ್ದೆ, ಬಾಯಿಂದಲೇ ಉಸಿರಾಡಿದೆ, ಕಲಿಸಿದ್ದೆಲ್ಲ ಮರೆತಿತ್ತು. ತಿರುಗಿ ಬಂದಾಗ ಎದುರಿನ ಹಿಟ್ಟಿನ ಗಿರಣಿಯ ಮುಂದೆ ಬುಟ್ಟಿ ಹಿಡಿದು ನಿಂತ ಇಪ್ಪತ್ತು ಹೆಂಗಸರು ಇತ್ತಲೇ ನೋಡುತ್ತಿದ್ದರು. ಕಾಕಾ ಈ ಸಲ ಬೆನ್ನು ಮಾಡಲಿಲ್ಲ. ರಸ್ತೆಯ ನಟ್ಟನಡುವೆ ಬಂದು ನನ್ನ ಮಣಿಕಟ್ಟು ಹಿಡಿದರು. ಮೂರು ನಿಮಿಷ ಬಿಡಲಿಲ್ಲ. ಆಮೇಲೆ ಗಟ್ಟಿ ದನಿಯಲ್ಲಿ, ಗಿರಣಿಯ ಸದ್ದಿನ ಮೇಲೂ ಕೇಳುವಂತೆ ಎಣಿಸಿದರು. ಅರ್ಧ ನಿಮಿಷದ ಎಣಿಕೆ ನಲವತ್ತೇಳಕ್ಕೆ ನಿಂತಿತು, ಅಂದರೆ ತೊಂಬತ್ತನಾಲ್ಕು.

ಅವತ್ತೇ ಸಂಜೆ ಮನೆಗೆ ಬಂದು ಅಪ್ಪನ ಮುಂದೆ ನಿಂತು ಹೇಳಿದರು. "ನಿಮ್ಮ ಮಗಳ ಎದಿ ಅಗದಿ ಚಲೋ ಐತ್ರಿ ಅಣ್ಣಾ. ನಾನ ಅಕೀ ಓಟ ತಪ್ಪಿಸಿದೆ." ಆಯಿಯ ಹೆಸರು ಎತ್ತಲೇ ಇಲ್ಲ. ಆಯಿ ಅವರಿಗೆ ಚಹಾ ತಂದುಕೊಟ್ಟಳು, ಕಪ್ಪು ತುಂಬಿ ಕೆಳಗಿನ ಬಶಿಗೂ ಹರಿಯುವಷ್ಟು. ಕುಡಿದು ಹೋದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬಂದು ಒಂದು ಮಾತು ಹೇಳಬೇಕಿತ್ತು, ನಾಚಿಕೆಯಾಗಿ ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಪರೀಕ್ಷೆ ಬಂತು, ಬೇಸಿಗೆ ಬಂತು, ಅವರಿಗೆ ಅಳ್ನಾವರದ ಕಡೆ ವರ್ಗವಾಯಿತು. ನನ್ನ ಹೈಸ್ಕೂಲೂ ಮುಗಿಯಿತು. ಆಮೇಲೆ ನನ್ನನ್ನು ಓಡು ಅಂದವರು ಯಾರೂ ಇಲ್ಲ.

ನೌಕರಿ ಸಿಕ್ಕ ಮೇಲೆ, ಆಯಿ ತೀರಿಕೊಂಡ ವರ್ಷವೇ, ಒಮ್ಮೆ ರೈಲು ಹತ್ತಿ ಅಳ್ನಾವರಕ್ಕೆ ಹೋದೆ. ಆ ಒಂದು ಮಾತು ಹೇಳಿ ಬರಲಿಕ್ಕೇ ಹೋದದ್ದು. ದವಾಖಾನೆಯ ಬಾಗಿಲಲ್ಲಿ ಕೂತಿದ್ದ ವಯಸ್ಸಾದ ಹೆಣ್ಣುಮಗಳು, "ಯಾವ ಕಂಪೌಂಡರ್ರೀ? ನಾಕೈದ ಮಂದಿ ಬಂದು ಹೋದ್ರು. ಹೆಸರೇನ್ರಿ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ.

ಎತ್ತರ ಇದ್ದರು ಅಂದೆ, ತೆಳ್ಳಗಿದ್ದರು ಅಂದೆ, ಬಾಟಲಿಯ ಕಾಗದಕ್ಕೆ ಕಚ್ಚು ಹಾಕುತ್ತಿದ್ದರು ಅಂದೆ. "ಎಲ್ಲಾರೂ ಹಾಕ್ತಾರ್ರಿ" ಎಂದು ಅವಳು ಮರುಕದಿಂದ ಹೇಳಿದಳು. ಊರಿಗೆ ಬಂದು ಅಪ್ಪನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ. ಒಬ್ಬರು ಸಯ್ಯದ್ ಅಂದರು, ಇನ್ನೊಬ್ಬರು ಅಲ್ಲ ಅಂದರು. ಹನ್ನೆರಡು ವರ್ಷ ಊರಿನವರೆಲ್ಲರ ಕೈ ಹಿಡಿದು ನಾಡಿ ನೋಡಿದವರ ಹೆಸರನ್ನು ನಾವ್ಯಾರೂ ಕೇಳಿರಲೇ ಇಲ್ಲ...

ಇಂದು ಬೆಳಿಗ್ಗೆ ಪಟ್ಟಿ ಒದ್ದೆ ಮಾಡಿ ಕಟ್ಟಿಕೊಂಡು ಓಡಿದೆ. ಕಡೆಗೆ ಒಮ್ಮೆಲೇ ನಿಲ್ಲದೆ ನಡೆದು ಬಂದು ಕಲ್ಲು ಬೆಂಚಿನ ಹತ್ತಿರ ನಿಂತೆ. ಮೊಬೈಲಿನಲ್ಲಿ ಅಂಕಿ ಇಳಿಯುತ್ತ ಬಂತು, ಮೂರು ನಿಮಿಷಕ್ಕೆ ತೊಂಬತ್ತೆಂಟು. ಈ ವಯಸ್ಸಿಗೆ ಭೇಷ್ ಅನ್ನಬೇಕು. ಅನ್ನಬೇಕಾದವರಿಗೆ ಈಗ ಇದ್ದರೆ ವಯಸ್ಸು ತೊಂಬತ್ತು ದಾಟಿರಬೇಕು. ಇರಲಿಕ್ಕಿಲ್ಲ. ತಪ್ಪಾಯಿತು, ನೀವೇ ನನ್ನ ಡಾಕ್ಟರು ಎಂಬ ಮಾತು ಬಾಯಿಗೆ ಬಂತು. ಕೂಗಿ ಕರೆಯೋಣವೆಂದರೆ ನನ್ನ ಹತ್ತಿರ ಇರುವುದು ಅದೊಂದೇ ಶಬ್ದ, ಕಾಕಾ. ಹುಬ್ಬಳ್ಳಿಯ ಬೀದಿಯಲ್ಲಿ ಹಾಗೆ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ.