ಪಾವಿನ ದಿನದ ಹಾಜರಿ

ಕೊಯಮತ್ತೂರು ಸೀಮೆಯ ಹಳ್ಳಿಶಾಲೆಗಳ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ, ಶ್ರೀಮಾನ್ ಚೆನ್ನಿಯಪ್ಪನವರ ತನಿಖೆಯ ಪುಸ್ತಕಗಳನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಾರರು. ಆನೈಮಲೈಯ ತೆಂಗಿನ ತೋಟಗಳ ನಡುವಣ ಶಾಲೆಯಿಂದ ಹಿಡಿದು ಕರುಮತ್ತಂಪಟ್ಟಿಯ ಆಚೆಗಿನ ನೇಕಾರರ ಬೀದಿಯ ಶಾಲೆಯವರೆಗೆ ಅವರು ನಡೆದು ಹೋಗದ ಊರಿಲ್ಲ, ಮಕ್ಕಳೊಡನೆ ಕುಳಿತುಕೊಳ್ಳದ ಜಗಲಿಯಿಲ್ಲ. ಇಪ್ಪತ್ತೆಂಟು ವರ್ಷಗಳ ಸೇವೆಯ ಬಳಿಕ ಈ ವರ್ಷ, 1938ರಲ್ಲಿ, ನಿವೃತ್ತರಾದ ಈ ಇನ್ಸ್‌ಪೆಕ್ಟರರಿಗೆ ಒಂದು ಸಂಪುಟವನ್ನು ಅರ್ಪಿಸಬೇಕೆಂದು ಮಿತ್ರರು ಕೇಳಿಕೊಂಡಾಗ ಅವರು ಒಂದೇ ಷರತ್ತು ಹಾಕಿದರು.

"ಹೊಗಳಿಕೆ ಎಷ್ಟು ಬೇಕಾದ್ರೂ ಬರ್ಕೊಳ್ಳಿ. ಸೆಂಗಾಳಿಪಾಳ್ಯದ ಸಂಗತಿ ಮಾತ್ರ ಬಿಡಬ್ಯಾಡಿ."

ಆ ಷರತ್ತನ್ನು ಮೀರುವ ಧೈರ್ಯ ಯಾರಿಗೂ ಇಲ್ಲ. ಈ ಸಂಪುಟಕ್ಕೆ ಬರೆದವರೆಲ್ಲರೂ ಒಂದಲ್ಲ ಒಂದು ಸಲ ಅವರ ಕೆಂಪು ಶಾಯಿಯ ರುಚಿ ಕಂಡವರೇ.

ನೇಕಾರರ ಮನೆಯಲ್ಲಿ ಹುಟ್ಟಿ, ಒಳಗೆ ಕನ್ನಡ ಹೊರಗೆ ತಮಿಳು ಎಂದು ಬೆಳೆದ ಚೆನ್ನಿಯಪ್ಪನವರು 1910ರಲ್ಲಿ ಉಪಾಧ್ಯಾಯರಾಗಿ, ಹತ್ತು ವರ್ಷಗಳ ಮೇಲೆ ತನಿಖೆಯ ಕೆಲಸಕ್ಕೆ ಬಂದರು. ಇನ್ಸ್‌ಪೆಕ್ಟರರು ಬಂದರೆ ಊರಿಗೇ ಔತಣದ ಖರ್ಚು ಎಂಬ ಕಾಲದಲ್ಲಿ ಇವರ ಚೀಲದಲ್ಲಿ ಇರುತ್ತಿದ್ದುದು ಸ್ವಂತ ಬುತ್ತಿ ಮತ್ತು ಮಕ್ಕಳಿಗೆ ಹಂಚಲು ಒಂದು ಪೊಟ್ಟಣ ಬಳಪ. ಆನೈಮಲೈ ಕಡೆಯ ಒಂದು ಶಾಲೆಯಲ್ಲಿ ಮುತ್ತುಸಾಮಿ ವಾದ್ಯಾರರು ಚಳಿಜ್ವರದಿಂದ ಮಲಗಿದ್ದಾಗ, ತನಿಖೆಗೆಂದು ಹೋದ ಇವರು ಮೂರು ದಿನ ತಾವೇ ಪಾಠ ಹೇಳಿ, ವರದಿಯಲ್ಲಿ 'ಶಾಲೆ ಕ್ರಮವಾಗಿ ನಡೆಯುತ್ತಿದೆ' ಎಂದು ಬರೆದು ಬಂದರು. ಸುಳ್ಳೇನೂ ಅಲ್ಲ, ನಡೆಸಿದವರು ಯಾರೆಂದು ಬರೆಯಲಿಲ್ಲ, ಅಷ್ಟೆ. ಪರರ ವಿಷಯದಲ್ಲಿ ಇಷ್ಟು ಮೃದುವಾಗಿದ್ದ ಮನಸ್ಸು ತನ್ನವರ ವಿಷಯದಲ್ಲಿ ಕಲ್ಲಾಯಿತು ಎಂಬುದೇ ಅವರ ಇಂದಿನ ಕೊರಗು.

1932ರಲ್ಲಿ ಖರ್ಚು ತಗ್ಗಿಸಬೇಕೆಂದು ಮೇಲಿನಿಂದ ಆಜ್ಞೆ ಬಂತು. ಅಕ್ಕಪಕ್ಕದ ಎರಡು ಶಾಲೆಗಳನ್ನು ಹೋಲಿಸಿ ನೋಡಿ, ಹಾಜರಿಯಲ್ಲಿ ಮೇಲಾದುದನ್ನು ಉಳಿಸಿ ಇನ್ನೊಂದನ್ನು ಮುಚ್ಚಬೇಕು. ಒಂದು ವೆಳ್ಳಿಯೂರಿನ ಬೇಸಾಯಗಾರರ ಶಾಲೆ, ಇನ್ನೊಂದು ಅಲ್ಲಿಂದ ಮೂರು ಮೈಲಿ ದೂರದ ಸೆಂಗಾಳಿಪಾಳ್ಯದ ನೇಕಾರರ ಶಾಲೆ. ಸೆಂಗಾಳಿಪಾಳ್ಯದಲ್ಲಿ ಪೆರಿಯಸಾಮಿ ವಾದ್ಯಾರರು ತಮಿಳು ಪಾಠಗಳೆಲ್ಲ ಮುಗಿದ ಮೇಲೆ ದಿನಕ್ಕೊಂದು ಗಂಟೆ ಮಕ್ಕಳಿಗೆ ಮನೆಮಾತಾದ ಕನ್ನಡದ ಅಕ್ಷರವನ್ನೂ ಕಲಿಸುತ್ತಿದ್ದರು. ಸುತ್ತಮುತ್ತ ಆ ಭಾಗ್ಯವಿದ್ದ ಶಾಲೆ ಅದೊಂದೇ. ಚೆನ್ನಿಯಪ್ಪನವರು ಮೊದಲು ವೆಳ್ಳಿಯೂರಿಗೆ ಹೋದರು. ಮಾರ್ಗಳಿ ತಿಂಗಳು, ಹತ್ತಿ ಇನ್ನೂ ಒಡೆದಿರಲಿಲ್ಲ, ಹೊಲದಲ್ಲಿ ಮಕ್ಕಳಿಗೆ ಕೆಲಸವಿರಲಿಲ್ಲ. ನಲವತ್ತರಲ್ಲಿ ಮೂವತ್ತೆಂಟು ಹಾಜರಿ.

ಮರುವಾರ ಸೆಂಗಾಳಿಪಾಳ್ಯಕ್ಕೆ ಹೋದ ದಿನ ಅಲ್ಲಿ ಪಾವು. ಮಗ್ಗಕ್ಕೆ ಏರಿಸುವ ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲೇರುವ ಮುಂಚೆ ನೀವಿ ಮುಗಿಸಬೇಕು; ಒಬ್ಬರ ಪಾವಿಗೆ ಬೀದಿಯೆಲ್ಲ ಕೈಕೊಡಬೇಕೆಂಬುದು ನೇಕಾರರ ಕಟ್ಟು. ಚೆನ್ನಿಯಪ್ಪನವರು ಅದೇ ನೂಲಿನಡಿ ತಲೆ ಬಗ್ಗಿಸಿ ಶಾಲೆಗೆ ಬಂದರು. ಮೊದಲ ಗಂಟೆಗೆ ಕುಳಿತಿದ್ದವರು ನಲವತ್ತಮೂರರಲ್ಲಿ ಹನ್ನೊಂದು ಮಂದಿ.

"ಇವತ್ತು ಪಾವು ಸಾರ್. ನಿಮಗೆ ತಿಳಿಯದ್ದಾ?" ಎಂದರು ಪೆರಿಯಸಾಮಿ ವಾದ್ಯಾರರು. "ಕೊಂಜ ನೇರ ಇರಿ, ಸ್ವಲ್ಪ ಹೊತ್ತಿಗೆ ಎಲ್ಲಾ ಬಂದ್ಬಿಡ್ತವೆ."

"ತಿಳಿದೈತೆ ವಾದ್ಯಾರೇ. ನಮ್ಮ ಜನ ಅಂತ ಬೇರೆ ಅಳತೆ ಇಟ್ರೆ ನಾಳೆ ಊರು ಏನಂತದೆ?"

ಹನ್ನೊಂದು ಎಂದು ಬರೆದು, ಪುಸ್ತಕ ಮುಚ್ಚಿ ಹೊರಬಿದ್ದರು. ಬಾಗಿಲ ಬಳಿ ಎಂಟು ವರ್ಷದ ಒಬ್ಬ ಹುಡುಗಿ ಏದುಸಿರು ಬಿಡುತ್ತಾ ಎದುರಾದಳು. ಮೊಣಕೈವರೆಗೂ ಗಂಜಿ. ಅವರ ಕಂಕುಳಲ್ಲಿದ್ದ ಪುಸ್ತಕವನ್ನು ನೋಡಿ, ಹೆಸರು ಕೂಗಿದಾಗ ಹೇಳುವಂತೆಯೇ, "ಉಳ್ಳೇನ್ ಸಾರ್" ಎಂದಳು. ಇದ್ದೇನೆ ಎಂದು ಮಗು ಎದುರಿಗೆ ನಿಂತು ಹೇಳಿದರೂ ಅವರು ಪುಸ್ತಕವನ್ನು ಮತ್ತೆ ತೆರೆಯಲಿಲ್ಲ.

ಶಾಲೆ ಮುಚ್ಚಿತು. ಪೆರಿಯಸಾಮಿ ವಾದ್ಯಾರರಿಗೆ ಮದುಕ್ಕರೈ ಕಡೆಗೆ ವರ್ಗವಾಯಿತು. ಕೆಲವು ಗಂಡುಮಕ್ಕಳು ಮೂರು ಮೈಲಿ ನಡೆದರು. ಹೆಣ್ಣುಮಕ್ಕಳಲ್ಲಿ ಒಬ್ಬರೂ ಹೋಗಲಿಲ್ಲ. ಎರಡು ತಿಂಗಳ ಮೇಲೆ, ಹತ್ತಿ ಬಿಡಿಸುವ ಸುಗ್ಗಿಯಲ್ಲಿ, ಚೆನ್ನಿಯಪ್ಪನವರು ವೆಳ್ಳಿಯೂರಿನ ಶಾಲೆಯನ್ನು ಹಾದುಹೋದಾಗ ಅಲ್ಲಿದ್ದದ್ದು ಒಂಬತ್ತು ಮಕ್ಕಳು. ಆಗ ಅವರಿಗೆ ಅರ್ಥವಾಯಿತು. ಅಳತೆಯೇನೋ ಒಂದೇ ಆಗಿತ್ತು, ಅಳೆದ ದಿನ ಮಾತ್ರ ಒಂದೇ ಆಗಿರಲಿಲ್ಲ. ತಪ್ಪು ತನ್ನದೆಂದು ಒಪ್ಪಿ ಮೇಲಿನವರಿಗೆ ಎರಡು ಸಲ ಬರೆದರು. ಮುಗಿದ ವಿಷಯ ಎಂದು ಎರಡು ಸಲವೂ ಉತ್ತರ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ತಮ್ಮನ್ನು ತಾವೇ ಹಳಿದುಕೊಳ್ಳುವುದನ್ನು ಅವರು ಅಂದಿನಿಂದ ನಿಲ್ಲಿಸಿಲ್ಲ.

ಈ ಸಂಪುಟಕ್ಕೆಂದು ಹಳೆಯ ವಿದ್ಯಾರ್ಥಿಗಳಿಂದ ಕಾಗದಗಳನ್ನು ಕೇಳಿದಾಗ ಸೆಂಗಾಳಿಪಾಳ್ಯದಿಂದಲೂ ಒಂದು ಬಂತು. ಪಾವಿನ ದಿನ ಬಾಗಿಲಲ್ಲಿ ಎದುರಾದವಳು ನಾನೇ ಎಂದು ಯಾರೋ ತಮಿಳಿನಲ್ಲಿ ಬರೆದುಕೊಟ್ಟ ನಾಲ್ಕು ಸಾಲು, ಕೆಳಗೆ ಹೆಬ್ಬೆಟ್ಟು, ರುಕ್ಮಣಿ ಎಂಬ ಹೆಸರು. ಚೆನ್ನಿಯಪ್ಪನವರು ಆ ಕಾಗದವನ್ನು ಹಿಡಿದು ಊರಿಗೇ ಹೋದರು. ಗಂಜಿ ಕೈಯ ಹುಡುಗಿ ಈಗ ಹದಿನಾಲ್ಕರವಳು, ರಾಟೆಯ ಮುಂದೆ ಕೂತಿದ್ದಳು.

"ನಿಮ್ಮ ಮೇಲೆ ಕೋಪ ಇಲ್ಲ ಸಾರ್," ಎಂದಳು ನೂಲು ಬಿಡದೆ. "ಅವತ್ತು ಕೈ ತೊಳೀದೆ ಓಡಿ ಬಂದೆ. ತೊಳ್ಕೊಂಡು ಬಂದಿದ್ರೆ ಇನ್ನೂ ಲೇಟ್ ಆಗ್ತಿತ್ತು, ಅಲ್ವಾ?"

ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಬುತ್ತಿ, ಬಳಪ ಕಟ್ಟಿಕೊಂಡು ಹೋಗಿ, ಮುಚ್ಚಿದ ಶಾಲೆಯ ಜಗಲಿಯ ಮೇಲೆ ಏಳು ಹೆಣ್ಣುಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸುತ್ತಾರೆ. ಹೆಸರು ಕೂಗುವುದು ಎಲ್ಲರೂ ಬಂದು ಕುಳಿತ ಮೇಲೆ.

ದೊಡ್ಡವರಿಗೆ ದೀರ್ಘಾಯುಸ್ಸನ್ನು ಹಾರೈಸುವುದು ಇಂಥ ಲೇಖನಗಳ ಮರ್ಯಾದೆ. ಇಲ್ಲಿ ಅದು ಮರ್ಯಾದೆಯ ಮಾತಲ್ಲ, ಅಗತ್ಯ. ಅಮಾವಾಸ್ಯೆ ತಿಂಗಳಿಗೆ ಒಂದೇ. ರುಕ್ಮಣಿ ಇನ್ನೂ ಕಾಗುಣಿತದಲ್ಲಿದ್ದಾಳೆ, ಒತ್ತಕ್ಷರಕ್ಕೆ ಬಂದಿಲ್ಲ. ಈ ಪುಟವನ್ನು ಅವಳು ತಾನೇ ಓದುವ ದಿನದವರೆಗಾದರೂ ಭಗವಂತನು ಚೆನ್ನಿಯಪ್ಪನವರ ಕಾಲಿಗೆ ಶಕ್ತಿಯನ್ನೂ ಕಣ್ಣಿಗೆ ಬೆಳಕನ್ನೂ ಕೊಡಲಿ.